ಒಂಬತ್ತು ಮೊಳೆಯ ಶಬ್ದ

(ಹಾವೇರಿಯಲ್ಲಿ ಹಿರಿಯ ನಾಗರಿಕರ ಸಭೆಯೊಂದರಲ್ಲಿ ಆಡಿದ ಮಾತುಗಳಿವು. ಬರೆಯುವಾಗ, ಅಂದು ಎರಡೆರಡು ಸಲ ಹೇಳಿದ್ದನ್ನು ಒಂದಕ್ಕಿಳಿಸಿದ್ದೇನೆ. ಗಂಟಲು ಕಟ್ಟಿ ಬಿಟ್ಟುಬಿಟ್ಟ ಒಂದೆರಡು ಸಂಗತಿಗಳನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಕಡೆ ಅಪ್ಪನಿಗೆ ಬಹುವಚನ ಹಚ್ಚುವ ರೂಢಿ ಇಲ್ಲ. ಅಪ್ಪ ಬಂದ, ಅಪ್ಪ ಹೋದ ಎಂದೇ ನಾಲಿಗೆಗೆ ಬರುತ್ತದೆ. ಸಭೆಯಲ್ಲಿ ಮೈಸೂರು ಕಡೆಯವರು ಇದ್ದರೆ ಇದನ್ನು ಅಗೌರವ ಎಂದು ತಿಳಿಯಬಾರದು. ‘ಅವರು’ ಎಂದರೆ ನನ್ನ ಕಣ್ಣ ಮುಂದೆ ಬೇರೆ ಯಾರೋ ಬಂದು ನಿಲ್ಲುತ್ತಾರೆ, ನನ್ನ ಅಪ್ಪ ಬರುವುದಿಲ್ಲ.

ಅಪ್ಪ ಕಂಪೋಸಿಟರ್. ಈಗಿನ ಹುಡುಗರಿಗೆ ಈ ಶಬ್ದವನ್ನು ಬಿಡಿಸಿ ಹೇಳಬೇಕು. ಸೀಸದ ಮೊಳೆಗಳನ್ನು ಒಂದೊಂದಾಗಿ ಆರಿಸಿ ಸಾಲು ಕಟ್ಟುವ ಕೆಲಸ. ಬಲಗೈ ಮೊಳೆ ತುಂಬಿದ ಕೇಸಿನ ಮನೆಗಳ ಮೇಲೆ ಓಡಾಡುತ್ತಿತ್ತು, ಎಡಗೈಯಲ್ಲಿ ಸಾಲು ಜೋಡಿಸುವ ಸ್ಟಿಕ್ಕು. ಮೊಳೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡಂತೆ ಇರುತ್ತದೆ. ಸ್ಟಿಕ್ಕಿನಲ್ಲಿ ಸಾಲು ತಲೆಕೆಳಗಾಗಿ ನಿಲ್ಲುತ್ತದೆ. ಕನ್ನಡಕ್ಕೆ ಒತ್ತಕ್ಷರ, ಕೊಂಬು, ದೀರ್ಘ ಎಲ್ಲದಕ್ಕೂ ಬೇರೆ ಬೇರೆ ಮೊಳೆ. 1953ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ ಇದೇ ಊರಿನ ಒಂದು ಅಚ್ಚುಕೂಟ ಸೇರಿದವನು ಕಂಪ್ಯೂಟರ್ ಬಂದು ಅದು ಮುಚ್ಚುವವರೆಗೂ ಅಲ್ಲಿಯೇ ಇದ್ದ. ಅಷ್ಟು ವರ್ಷ ತಲೆಕೆಳಗಾದ ಅಕ್ಷರ ಓದಿದವನಿಗೆ ನೆಟ್ಟಗಿನ ಅಕ್ಷರ ಓದುವುದೇ ತುಸು ನಿಧಾನವಾಗಿತ್ತು. ಪತ್ರಿಕೆ ಓದುವಾಗ ತುಟಿ ಅಲ್ಲಾಡುತ್ತಿದ್ದವು.

ಅದು ಪುಸ್ತಕ ಅಚ್ಚು ಮಾಡುವ ದೊಡ್ಡ ಮುದ್ರಣಾಲಯವಲ್ಲ. ಬಿಲ್ ಬುಕ್ಕು, ಜಾತ್ರೆಯ ಕರಪತ್ರ, ನಾಟಕದ ಹ್ಯಾಂಡ್‌ಬಿಲ್ಲು. ಹೆಚ್ಚಿನ ಕೆಲಸ ಎರಡೇ: ಮದುವೆಯ ಲಗ್ನಪತ್ರಿಕೆ ಮತ್ತು ಸತ್ತವರ ಕಾರ್ಡು. ಲಗ್ನಪತ್ರಿಕೆಗೆ ತಿಂಗಳ ಮೊದಲೇ ಬರುತ್ತಿದ್ದರು, ಕೂತು ಬಣ್ಣ ಆರಿಸುತ್ತಿದ್ದರು, ಚೌಕಾಸಿ ಮಾಡುತ್ತಿದ್ದರು. ಇನ್ನೊಂದಕ್ಕೆ ಬರುವವರು ಬಾಗಿಲಲ್ಲೇ ನಿಲ್ಲುತ್ತಿದ್ದರು. ತಲೆ ಬೋಳಿಸಿಕೊಂಡ ಹುಡುಗ, ಜೊತೆಗೆ ಒಬ್ಬ ಹಿರಿಯ, ಕೈಯಲ್ಲಿ ಒಂದು ಚೀಟಿ. ಅಪ್ಪ ಚೀಟಿ ನೋಡಿ ಒಂದೇ ಪ್ರಶ್ನೆ ಕೇಳುತ್ತಿದ್ದ: “ಏನು ಹಾಕಲಿ?”

ಪ್ರಶ್ನೆಯ ಅರ್ಥ ಊರಿಗೆಲ್ಲ ಗೊತ್ತಿತ್ತು. ಸತ್ತರು ಎಂದು ಯಾರೂ ಕಾರ್ಡಿನಲ್ಲಿ ಹಾಕುವುದಿಲ್ಲವಲ್ಲ. ಲಿಂಗಾಯತರಾದರೆ ಲಿಂಗೈಕ್ಯ, ಶಿವಗಣಾರಾಧನೆ, ವೈಷ್ಣವರಾದರೆ ವೈಕುಂಠ ಸಮಾರಾಧನೆ, ಇನ್ನು ಕೆಲವರಿಗೆ ಕೈಲಾಸ ಸಮಾರಾಧನೆ, ಜೈನರಿಗೆ ಜಿನೈಕ್ಯ. ಯಾವುದೂ ಬೇಡ ಎನ್ನುವವರಿಗೆ ದಿವಂಗತ. ಇಷ್ಟು ಹೆಸರಿಟ್ಟ ಮೇಲೂ ನಾವು ಮನೆಯೊಳಗೆ ಆ ಮಾತು ಆಡುವುದಿಲ್ಲ. ಆಡಿದರೆ “ಬಿಡ್ತು ಅನ್ನು” ಎನ್ನುತ್ತೇವೆ.

ಅಪ್ಪನಿಗೆ ಒಂದು ಹಟವಿತ್ತು: ‘ಶ್ರದ್ಧಾಂಜಲಿ’. ಇದನ್ನು ‘ಶೃದ್ಧಾಂಜಲಿ’ ಎಂದು ಬರೆದುಕೊಂಡು ಬರುವವರೇ ಹೆಚ್ಚು. ಇಂದಿಗೂ ಹಾವೇರಿಯ ಯಾವುದೇ ವೃತ್ತದಲ್ಲಿ ನಿಂತು ಬ್ಯಾನರ್ ನೋಡಿ, ಹತ್ತರಲ್ಲಿ ಆರು ‘ಶೃ’ ಕಾಣುತ್ತವೆ. ಒಮ್ಮೆ ಅಪ್ಪ ರಜೆಯಲ್ಲಿದ್ದಾಗ ಇನ್ನೊಬ್ಬ ಕೆಲಸದವನು ‘ಶೃ’ ಹಾಕಿ ಐನೂರು ಕಾರ್ಡು ಹೊಡೆದುಬಿಟ್ಟಿದ್ದ. ಅಪ್ಪ ಬಂದವನೇ ಅಷ್ಟನ್ನೂ ರದ್ದಿಗೆ ಹಾಕಿ ಮತ್ತೆ ಹೊಡೆಸಿದ, ಕಾಗದದ ಹಣವನ್ನು ತನ್ನ ಪಗಾರದಿಂದ ಕೊಟ್ಟ. ಅವ್ವ ಆ ತಿಂಗಳು ಪೂರ್ತಿ ಬೈದಳು. ಅಪ್ಪನ ವಾದ ಇಷ್ಟೇ: ಲಗ್ನಪತ್ರಿಕೆಯಲ್ಲಿ ತಪ್ಪಾದರೆ ಮದುಮಗ ಬಂದು ಜಗಳ ಮಾಡುತ್ತಾನೆ, ಇದರಲ್ಲಿ ಹೆಸರಿರುವವನು ಬರುವುದಿಲ್ಲ.

ಇಂಥ ಅಪ್ಪನಿಗೆ 2016ರ ಯುಗಾದಿ ಮುಗಿದ ಮೇಲೆ ಅನ್ನ ಇಳಿಯುವುದು ಕಷ್ಟವಾಯಿತು. ಮೊದಲು ರೊಟ್ಟಿ ಬಿಟ್ಟ, ಆಮೇಲೆ ಅನ್ನವನ್ನು ಮಜ್ಜಿಗೆಯಲ್ಲಿ ಕಿವುಚಿ ಉಣ್ಣತೊಡಗಿದ. ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕೊಳವೆ ಇಳಿಸಿ ನೋಡಿದರು, ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ಡಾಕ್ಟರರು ಅಪ್ಪನನ್ನು ಮೇಜಿನ ಆಚೆ ಕೂರಿಸಿಕೊಂಡು ಎರಡು ಮಾತು ಆಡಿ, “ಅಜ್ಜಾ, ನೀವು ಹೊರಗೆ ಕೂಡ್ರಿ” ಎಂದರು. ಅಪ್ಪ ಎದ್ದು ಹೋದ. ಬಾಗಿಲು ಮುಚ್ಚಿದ ಮೇಲೆ ನನಗೂ ಭಾವನಿಗೂ ಸಂಗತಿ ತಿಳಿಯಿತು.

ಇದು ಅವರೊಬ್ಬರ ತಪ್ಪು ಎಂದು ನಾನು ಹೇಳುವುದಿಲ್ಲ. ಅವರು ಹೇಳಹೊರಟಿದ್ದರೂ ನಾವೇ ಕೈಮುಗಿದು ಬೇಡ ಎನ್ನುತ್ತಿದ್ದೆವು. ಈ ಸಭೆಯಲ್ಲಿ ಎಷ್ಟು ಜನ ಹೀಗೆ ಆ ಮುಚ್ಚಿದ ಬಾಗಿಲ ಒಳಗೆ ನಿಂತಿಲ್ಲ? ರೋಗ ಒಬ್ಬನದು, ಸುದ್ದಿ ಉಳಿದವರದು. ಬೀಗರಿಗೆ ಗೊತ್ತು, ಎದುರುಮನೆಯವರಿಗೆ ಗೊತ್ತು, ಹಾಲು ಹಾಕುವವನಿಗೂ ಗೊತ್ತು. ಗೊತ್ತಿಲ್ಲದವನು ಒಬ್ಬನೇ. ನಾವು ಕಾರಿನಲ್ಲಿ ಬರುವಾಗ ಅಪ್ಪನಿಗೆ, “ಹುಣ್ಣಾಗಿದೆ, ಔಷಧಿಗೆ ಮಾಯುತ್ತದೆ” ಎಂದೆವು. ಅಪ್ಪ ಕಿಟಕಿಯ ಹೊರಗೆ ನೋಡುತ್ತ “ಹೂಂ” ಎಂದ.

ಮುಂದಿನ ಮೂರು ವಾರ ಮನೆ ತುಂಬ ಮಾತಾಡಿಸಲು ಬರುವವರು. ನಮ್ಮ ಕಡೆ ಕಾಯಿಲೆ ಬಿದ್ದವರ ಮನೆಗೆ ಹೋಗುವುದಕ್ಕೆ ‘ಮಾತಾಡಿಸಿಕೊಂಡು ಬರುವುದು’ ಎಂದೇ ಹೆಸರು. ಬಂದವರೆಲ್ಲ ಮಳೆಯ ಬಗ್ಗೆ ಮಾತಾಡಿದರು, ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ದರದ ಬಗ್ಗೆ ಮಾತಾಡಿದರು. ಅಕ್ಕ ಅಡುಗೆಮನೆಯಲ್ಲಿ ಅಳುತ್ತಿದ್ದಳು, ಪಡಸಾಲೆಗೆ ಬಂದರೆ ನಗುತ್ತಿದ್ದಳು.

ಒಂದು ರಾತ್ರಿ ಕರೆಂಟು ಹೋಯಿತು. ಅಪ್ಪ, ನಾನು ಇಬ್ಬರೇ ಕಟ್ಟೆಯ ಮೇಲೆ ಕೂತಿದ್ದೆವು. ಕತ್ತಲೆಯಲ್ಲಿ ಅಪ್ಪ ಕೇಳಿದ: “ತಮ್ಮಾ, ಹುಣ್ಣಿಗೆ ಇಂಗ್ಲಿಷಿನಲ್ಲಿ ಏನು ಅನ್ನುತ್ತಾರೆ?”

“ಅಲ್ಸರ್ ಅನ್ನುತ್ತಾರಪ್ಪ.”

ಅಪ್ಪ ಬೆರಳು ಮಡಿಚಿ ಎಣಿಸಿದ್ದು ಕಾಣದಿದ್ದರೂ ನನಗೆ ಗೊತ್ತಾಯಿತು. “ಅಲ್ಸರಿಗೆ ಐದು ಮೊಳೆ ಸಾಕು. ಡಾಕ್ಟರರ ಮೇಜಿನ ಮೇಲಿದ್ದ ಕಾಗದದಲ್ಲಿ ಒಂಬತ್ತು ಮೊಳೆಯ ಶಬ್ದ ಇತ್ತು.”

ಮೇಜಿನ ಆಚೆ ಕೂತ ಮನುಷ್ಯನಿಗೆ ಕಾಗದ ತಲೆಕೆಳಗಾಗಿ ಕಾಣುತ್ತದೆ, ಓದಲಾರ ಎಂದು ಡಾಕ್ಟರರೂ ಭಾವಿಸಿದ್ದರು, ನಾವೂ ಭಾವಿಸಿದ್ದೆವು. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಇಂಗ್ಲಿಷ್ ಅಕ್ಷರ ಬರುತ್ತಿದ್ದವು. ಶಬ್ದವನ್ನು ಹಾಗೆಯೇ ನೆನಪಿಟ್ಟುಕೊಂಡು ಬಂದು, ಮರುದಿನ ಒಂದು ಚೀಟಿಯ ಮೇಲೆ ಬರೆದು, ಓಣಿಯ ಔಷಧಿ ಅಂಗಡಿಯ ಹುಡುಗನಿಗೆ ತೋರಿಸಿ ಅರ್ಥ ಕೇಳಿದ್ದ. ಅಂದರೆ ಮೂರು ವಾರ ನಾವು ಅವನಿಂದ ಮುಚ್ಚಿಟ್ಟದ್ದನ್ನು ಅವನು ನಮ್ಮಿಂದ ಮುಚ್ಚಿಟ್ಟಿದ್ದ. ಯಾಕೆ ಹೇಳಲಿಲ್ಲ ಎಂದು ಕೇಳಿದೆ. “ನಿಮಗೆ ಗೊತ್ತಾದರೆ ಹೆದರುತ್ತೀರಿ ಎಂದು” ಎಂದ. ತಮಾಷೆ ಮಾಡಿದನೋ, ನಿಜವನ್ನೇ ಹೇಳಿದನೋ, ಇವತ್ತಿಗೂ ನಿರ್ಧರಿಸಲು ಆಗಿಲ್ಲ.

ಕಠೋಪನಿಷತ್ತಿನ ನಚಿಕೇತನ ಕಥೆ ತಮಗೆಲ್ಲ ಗೊತ್ತಿದೆ. ಸಿಟ್ಟಿಗೆದ್ದ ಅಪ್ಪ “ನಿನ್ನನ್ನು ಯಮನಿಗೆ ಕೊಟ್ಟೆ” ಎಂದದ್ದು, ಹುಡುಗ ಯಮನ ಮನೆಯಲ್ಲಿ ಮೂರು ರಾತ್ರಿ ಉಪವಾಸ ಕಾದದ್ದು, ಮೂರು ವರ ಪಡೆದದ್ದು. ಪ್ರವಚನಕಾರರು ಓಡಿ ಹೋಗಿ ಮೂರನೆಯ ವರ ಹಿಡಿಯುತ್ತಾರೆ, ಸತ್ತ ಮೇಲೆ ಏನು ಎಂಬುದನ್ನು. ನನಗೆ ಮೊದಲನೆಯದರ ಮೇಲೆ ಕಣ್ಣು. ಸಾವಿನ ಎದುರು ನಿಂತ ಆ ಹುಡುಗ ಮೊದಲು ಕೇಳಿದ್ದು: ಅಪ್ಪನ ಸಿಟ್ಟು ಇಳಿಯಲಿ, ನಾನು ಮರಳಿ ಹೋದಾಗ ನನ್ನನ್ನು ಗುರುತು ಹಿಡಿದು ಮಾತಾಡಿಸಲಿ. ಬ್ರಹ್ಮವಿದ್ಯೆ ಆಮೇಲೆ.

ಅಪ್ಪ ಸಾವನ್ನು ಎಲ್ಲಿ ಕಲಿತಿದ್ದ ಎಂದು ಈಗ ಯೋಚಿಸುತ್ತೇನೆ. ತನ್ನ ಅಪ್ಪನಿಂದ ಕಲಿತಿದ್ದ. ಅಜ್ಜ ಬಂಕಾಪುರದವನು. 1968ರಲ್ಲಿ, ನನಗೆ ಏಳು ವರ್ಷವಿದ್ದಾಗ, ಪಡಸಾಲೆಯಲ್ಲೇ ತೀರಿಕೊಂಡ. ಎರಡು ದಿನ ಮೊದಲು ತನ್ನ ಹೊರಸನ್ನು ಅಂಗಳಕ್ಕೆ ಒಯ್ಯಲು ಹೇಳಿ ಎತ್ತುಗಳ ಮೈ ಸವರಿದ. ಉದ್ರಿ ಕೊಡಬೇಕಾದ ಅಂಗಡಿಯವನನ್ನು ಕರೆಸಿ ಲೆಕ್ಕ ಮುಗಿಸಿದ. ನಮ್ಮನ್ನು ಯಾರೂ ದೂರ ಅಟ್ಟಲಿಲ್ಲ. ಭಜನೆಯ ನಡುವೆ ನಾವು ಮಕ್ಕಳು ಚುರಮುರಿ ತಿನ್ನುತ್ತ ಕೂತಿದ್ದೆವು. ‘ಮರಣವೇ ಮಹಾನವಮಿ’ ಎಂಬ ಶರಣರ ಮಾತಿನ ಅರ್ಥ ಅಜ್ಜನಿಗೆ ಯಾರೂ ಬಿಡಿಸಿ ಹೇಳಿದಂತಿರಲಿಲ್ಲ. ನನ್ನ ಮಗಳು ತನ್ನ ಅಜ್ಜಿಯ, ಅಂದರೆ ನನ್ನ ಅತ್ತೆಯ, ಸಾವನ್ನು ನೋಡಿದ್ದು ಐಸಿಯುವಿನ ಗಾಜಿನ ಆಚೆಯಿಂದ, ಒಬ್ಬೊಬ್ಬರಿಗೆ ಐದು ನಿಮಿಷದ ಪಾಸಿನಲ್ಲಿ. ಹಳೆಯದೆಲ್ಲ ಚಿನ್ನ ಎನ್ನುತ್ತಿಲ್ಲ. ಅಜ್ಜ ಕೊನೆಯ ವಾರ ನೋವಿನಿಂದ ಕೂಗಿದ್ದೂ ನನಗೆ ನೆನಪಿದೆ. ಆಗ ಆ ನೋವಿಗೆ ಊರಿನಲ್ಲಿ ಔಷಧಿ ಇರಲಿಲ್ಲ.

ಕಟ್ಟೆಯ ಮೇಲಿನ ಆ ರಾತ್ರಿಯ ನಂತರ ಅಪ್ಪ ಬಂಕಾಪುರಕ್ಕೆ ಹೋಗಬೇಕು ಎಂದ. ಅಲ್ಲಿ ತಮ್ಮನ ಜೊತೆ ಹೊಲದ ಬದುವಿನ ವಿಷಯಕ್ಕೆ ಹನ್ನೊಂದು ವರ್ಷ ಮಾತು ಬಿಟ್ಟಿದ್ದ. ಇಬ್ಬರೂ ಕೂತು ಚಹಾ ಕುಡಿದರು. ಬದುವಿನ ಮಾತು ಬರಲೇ ಇಲ್ಲ. ಆಮೇಲೆ ಕೋಟೆಯೊಳಗೆ ಅರವತ್ತು ಕಂಬದ ಗುಡಿಯಲ್ಲಿ ಒಂದು ತಾಸು ಕೂತೆವು. ಹೊರಗೆ ನವಿಲುಗಳ ಕೂಗು. ಕಂಬಕ್ಕೆ ಒರಗಿದ ಅಪ್ಪನ ಕುತ್ತಿಗೆ ಎಷ್ಟು ಸಣ್ಣದಾಗಿದೆ ಎಂದು ನಾನು ಅಂದು ಮೊದಲ ಸಲ ಕಂಡೆ.

ಬಂಕಾಪುರದ ಬಗ್ಗೆ ನನಗೆ ಆಗ ತಿಳಿಯದಿದ್ದ ಒಂದು ಸಂಗತಿಯನ್ನು ಆಮೇಲೆ ಓದಿದೆ. ಗಂಗರ ಅರಸ ಇಮ್ಮಡಿ ಮಾರಸಿಂಹ 974ರ ಸುಮಾರಿಗೆ ಸಿಂಹಾಸನ ಬಿಟ್ಟು ಬಂದದ್ದು ಇಲ್ಲಿಗೆ. ಗುರು ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನ ವ್ರತ, ಅಂದರೆ ಸಾಯುವವರೆಗಿನ ಜೈನರ ಉಪವಾಸ, ಹಿಡಿದು ದೇಹ ಬಿಟ್ಟ ಎಂದು ಶ್ರವಣಬೆಳಗೊಳದ ಚಿಕ್ಕಬೆಟ್ಟದ ಕಂಬದ ಶಾಸನ ಹೇಳುತ್ತದೆ. ಅವನ ಸೋದರಳಿಯ ನಾಲ್ಕನೆಯ ಇಂದ್ರ, ರಾಷ್ಟ್ರಕೂಟರ ಕೊನೆಯ ಕುಡಿ. ಅವನನ್ನು ಪಟ್ಟಕ್ಕೆ ತರಲು ಮಾವ ಹೆಣಗಿ ಸೋತಿದ್ದ. ಆ ಅಳಿಯನೂ 982ರಲ್ಲಿ ಬೆಳಗೊಳದಲ್ಲಿ ಅದೇ ವ್ರತ ಹಿಡಿದ. ರಾಜ್ಯವನ್ನು ಕೊಡಲಾಗದ ಮಾವನಿಂದ ಅಳಿಯನಿಗೆ ಬಂದದ್ದು ಇದೊಂದೇ ಆಸ್ತಿ. ಹೊಯ್ಸಳರ ಕಾಲಕ್ಕೆ ಬಂದರೆ ದಿಕ್ಕು ತಿರುಗುತ್ತದೆ. 1131ರಲ್ಲಿ ಶಿವಗಂಗೆಯಲ್ಲಿ ರಾಣಿ ಶಾಂತಲೆ ತೀರಿಕೊಂಡಳು. ಅವಳ ತಾಯಿ ಮಾಚಿಕಬ್ಬೆ, ಮಗಳು ಹೋದ ಮೇಲೆ ತಾನಿರಲಾರೆ ಎಂದು ಬೆಳಗೊಳಕ್ಕೆ ಬಂದು ಒಂದು ತಿಂಗಳು ಉಪವಾಸವಿದ್ದು ಅರೆಮುಚ್ಚಿದ ಕಣ್ಣಿನಲ್ಲೇ ಹೋದಳು. ಅದನ್ನೂ ಕಲ್ಲಿನಲ್ಲಿ ಕೊರೆದಿದ್ದಾರೆ. ಈ ಎರಡನೆಯದನ್ನು ಓದುವಾಗ ನನಗೆ ಭಕ್ತಿಗಿಂತ ಸಂಕಟವೇ ಹೆಚ್ಚಾಗುತ್ತದೆ, ಮುಚ್ಚಿಡುವುದಿಲ್ಲ.

ಸಲ್ಲೇಖನವನ್ನು ರಾಜಸ್ಥಾನ ಹೈಕೋರ್ಟು 2015ರ ಆಗಸ್ಟಿನಲ್ಲಿ ಅಪರಾಧ ಎಂದಿತು; ಅದೇ ತಿಂಗಳು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ನಾನು ಆ ವಾದಕ್ಕೆ ಇಳಿಯುವುದಿಲ್ಲ. ಅಪ್ಪ ಉಪವಾಸ ಹಿಡಿಯಲಿಲ್ಲ, ಇಳಿಯುವಷ್ಟು ಉಂಡ.

ನಮಗಿದ್ದ ಪ್ರಶ್ನೆ ಅದಕ್ಕಿಂತ ಸಣ್ಣದು, ನಮಗೆ ದೊಡ್ಡದು. ಗಂಜಿಯೂ ಇಳಿಯದಾದಾಗ ಮೂಗಿನಿಂದ ನಳಿಕೆ ಹಾಕೋಣವೇ ಎಂದು ಕೇಳಿದರು. ಈ ಸಲ ಯಾರೂ ಅಪ್ಪನನ್ನು ಹೊರಗೆ ಕಳಿಸಲಿಲ್ಲ. ಅವನೇ ಕೇಳಿದ: “ಹಾಕಿದರೆ ಏನಾಗುತ್ತದೆ, ಹಾಕದಿದ್ದರೆ ಏನಾಗುತ್ತದೆ?” ಡಾಕ್ಟರರು ತಾಳ್ಮೆಯಿಂದ ಹೇಳಿದರು. ಅಪ್ಪ ಕೇಳಿಸಿಕೊಂಡು, ಬೇಡ, ಮನೆಗೆ ಹೋಗುತ್ತೇನೆ, ನೋವಿಗೆ ಮಾತ್ರ ಏನಾದರೂ ಕೊಡಿ ಎಂದ. ಅಕ್ಕನಿಗೆ ಇದನ್ನು ಅರಗಿಸಿಕೊಳ್ಳಲು ಬಹಳ ದಿನ ಬೇಕಾಯಿತು. ನಮ್ಮಲ್ಲಿ ಪ್ರೀತಿ ಎಂದರೆ ತುತ್ತು. ಬಟ್ಟಲು ಹಿಡಿದು “ಇದೊಂದು ಚಮಚ, ಅಪ್ಪಾ” ಎನ್ನುತ್ತಿದ್ದಳು. ಅವನು ಅವಳಿಗಾಗಿ ಬಾಯಿ ತೆರೆಯುತ್ತಿದ್ದ, ಆಮೇಲೆ ಕೆಮ್ಮಿ ಕೆಮ್ಮಿ ಸುಸ್ತಾಗುತ್ತಿದ್ದ. ಕೊನೆಗೆ ಮನೆಗೆ ಬರುತ್ತಿದ್ದ ನರ್ಸಮ್ಮ ಅಕ್ಕನಿಗೆ ಬೇರೆ ಕೆಲಸ ಕೊಟ್ಟರು: ಹತ್ತಿಯನ್ನು ನೀರಿನಲ್ಲಿ ಅದ್ದಿ ತುಟಿ ಒದ್ದೆ ಮಾಡುವುದು, ತುಟಿಗೆ ತುಪ್ಪ ಸವರುವುದು. ಅಕ್ಕ ಅದನ್ನು ಪೂಜೆಯಂತೆ ಮಾಡಿದಳು.

ನೋವಿನ ಔಷಧಿ ಎಂದರೆ ಮಾರ್ಫಿನ್. ಈ ಹೆಸರು ಕೇಳಿದೊಡನೆ ಜನ ಬೆಚ್ಚುತ್ತಾರೆ, ನಶೆಯ ಪದಾರ್ಥ ಎಂದು. ಗಸಗಸೆ ಗಿಡದ ಕಾಯಿಯ ಹಾಲಿನಿಂದ ಬರುವ ಔಷಧಿ ಇದು. ಆ ಬೆಳೆ ನಮ್ಮ ದೇಶದಲ್ಲೇ ಸರಕಾರದ ಕಾವಲಿನಲ್ಲಿ ಬೆಳೆಯುತ್ತದೆ. ಆದರೂ ನಮ್ಮ ರೋಗಿಗಳಿಗೆ ಮಾತ್ರ ಸಿಗುತ್ತಿರಲಿಲ್ಲ, ಪರವಾನಗಿಗಳ ಸರಮಾಲೆಯಿಂದಾಗಿ. 2014ರಲ್ಲಿ ಕಾನೂನು ತಿದ್ದಿ ಆ ಗಂಟನ್ನು ಸಡಿಲಿಸಿದರು. ಅಪ್ಪನಿಗೆ ನಾಲ್ಕು ತಾಸಿಗೊಮ್ಮೆ ಮಾತ್ರೆ, ಜೊತೆಗೆ ಮಲಬದ್ಧತೆ ಆಗದಂತೆ ಇನ್ನೊಂದು ಔಷಧಿ. ನಾನು ಪುಸ್ತಕವೊಂದರಲ್ಲಿ ಗೀಟು ಹಾಕಿ ವೇಳೆ ಬರೆದಿಡುತ್ತಿದ್ದೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಜರ್ ಬರೆದದ್ದು ಸಾರ್ಥಕವಾಯಿತು. ಮೂರನೆಯ ದಿನ ಅಪ್ಪ ರಾತ್ರಿಯಿಡೀ ಮಲಗಿದ. ಅಜ್ಜನಿಗೆ ಇದು ಸಿಕ್ಕಿದ್ದರೆ ಎಂದುಕೊಂಡೆ. ಬೆಂಗಳೂರಿನ ಕರುಣಾಶ್ರಯದಂಥ ಕಡೆ, 1994ರಲ್ಲಿ ಶುರುವಾದ ಸಂಸ್ಥೆ ಅದು, ಗುಣವಾಗದ ಕ್ಯಾನ್ಸರ್ ರೋಗಿಗಳಿಗೆ ಹಣ ಪಡೆಯದೆ ಈ ಆರೈಕೆ ಕೊಡುತ್ತಾರೆ. ನಮ್ಮ ಜಿಲ್ಲೆಗಳಲ್ಲಿ ಇಂಥದ್ದು ಇನ್ನೂ ಸಾಲದು.

ಅಪ್ಪ ತೀರಿಕೊಂಡದ್ದು 2016ರ ನವೆಂಬರ್ ಎರಡನೆಯ ವಾರ, ಬೆಳಗಿನ ಜಾವ, ಪಡಸಾಲೆಯಲ್ಲಿ. ನೋಟು ರದ್ದಾದ ವಾರ ಅದು. ಹೂವಿನವನೂ ಐನೂರರ ನೋಟು ಮುಟ್ಟಲಿಲ್ಲ, ಬ್ಯಾಂಕಿನವನ ಮನೆಯಲ್ಲೇ ಚಿಲ್ಲರೆ ಇರಲಿಲ್ಲ. ಓಣಿಯವರೇ ಕೂಡಿಸಿ ಕೊಟ್ಟರು. ಶಿವಗಣಾರಾಧನೆಯ ಕಾರ್ಡನ್ನು ಕಂಪ್ಯೂಟರ್ ಅಂಗಡಿಯಲ್ಲಿ ಹೊಡೆಸಿದೆವು. ಕರಡನ್ನು ಮೊಬೈಲಿಗೆ ಕಳಿಸಿದ್ದರು. ನಾನು ಗದ್ದಲದಲ್ಲಿ ನೋಡದೆ ಸರಿ ಎಂದಿದ್ದೆ. ಮುನ್ನೂರು ಕಾರ್ಡು ಬಂದವು. ಕಟ್ಟು ಬಿಚ್ಚಿದ ಅಕ್ಕ ಮೊದಲು ನಕ್ಕಳು, ಆಮೇಲೆ ಹತ್ತು ದಿನದಿಂದ ತಡೆದದ್ದೆಲ್ಲ ಒಡೆಯಿತು. ‘ಶೃದ್ಧಾಂಜಲಿ’ ಎಂದಿತ್ತು. ಮತ್ತೆ ಹೊಡೆಸಿದೆವು. ಕಾಗದದ ಹಣ ನಾನು ಕೊಟ್ಟೆ.

ಈಗ ನಾನು ಇಲ್ಲಿಗೆ ಬಂದ ಕಾರಣ. ಅಪ್ಪನಿಗೆ ಕೊನೆಯವರೆಗೂ ಪ್ರಜ್ಞೆ ಇತ್ತು, ಬೇಡ ಎಂದು ತಾನೇ ಹೇಳಿದ. ಪ್ರಜ್ಞೆ ಇಲ್ಲದಿದ್ದರೆ? ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ ನೆನಪಿರಬೇಕು. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರಿನಲ್ಲಿ ಅಲ್ಲಿಯ ಕೆಲಸದವನೊಬ್ಬನ ಕ್ರೂರ ಹಲ್ಲೆಯಿಂದ ಮೆದುಳು ಜಖಂಗೊಂಡು, 2015ರ ಮೇ ತಿಂಗಳಿನಲ್ಲಿ ತೀರಿಕೊಳ್ಳುವವರೆಗೆ ಅದೇ ಆಸ್ಪತ್ರೆಯ ಹಾಸಿಗೆಯ ಮೇಲಿದ್ದರು. ಅವರಿಗೆ ಆಹಾರ ನಿಲ್ಲಿಸಬೇಕೆಂಬ ಅರ್ಜಿ ಸುಪ್ರೀಂ ಕೋರ್ಟಿಗೆ ಬಂದಾಗ, 2011ರಲ್ಲಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಇವರ ಪರವಾಗಿ ಮಾತಾಡುವ ಹಕ್ಕು ಯಾರಿಗೆ ಎಂಬ ಪ್ರಶ್ನೆಗೆ ಕೊಟ್ಟ ಉತ್ತರ ಮುಖ್ಯ: ಅಷ್ಟು ವರ್ಷ ಮೈ ತೊಳೆದು, ಉಣಿಸಿ ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಗೆ. ಕುಟುಂಬ ಎಂದರೆ ಯಾರು ಎಂಬುದಕ್ಕೆ ಇದಕ್ಕಿಂತ ನೇರವಾದ ಉತ್ತರ ನಾನು ಬೇರೆಲ್ಲೂ ಓದಿಲ್ಲ. ಆದರೆ ಅರುಣಾ ಅವರಿಗೆ ಏನು ಬೇಕಿತ್ತು? ಅದನ್ನು ಕೇಳುವ ದಾರಿಯೇ ಉಳಿದಿರಲಿಲ್ಲ.

ಆ ದಾರಿಯನ್ನು ಸುಪ್ರೀಂ ಕೋರ್ಟಿನ 2018ರ ಮಾರ್ಚ್ 9ರ ತೀರ್ಪು ತೆರೆಯಿತು. ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ, ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡ ಎಂಬುದನ್ನು ಪ್ರಜ್ಞೆ ಇರುವಾಗಲೇ ಮುಂಚಿತವಾಗಿ ಬರೆದಿಡಬಹುದು ಎಂದಿತು. ಆದರೆ ಷರತ್ತುಗಳು ಎಷ್ಟಿದ್ದವೆಂದರೆ ಬರೆಯುವವನೇ ಸತ್ತುಹೋಗಬೇಕು. 2023ರ ಜನವರಿಯಲ್ಲಿ ಅವನ್ನು ಸರಳ ಮಾಡಿದರು. ಈಗ ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ನಮ್ಮ ಪರವಾಗಿ ನಿರ್ಧರಿಸುವವರ ಹೆಸರು ಬರೆಯಬೇಕು. ಸಮಯ ಬಂದಾಗ ಆಸ್ಪತ್ರೆಯ ಒಂದು ವೈದ್ಯ ಮಂಡಳಿ, ಅದರ ಮೇಲೆ ಇನ್ನೊಂದು ಮಂಡಳಿ ನೋಡಿ ಒಪ್ಪಬೇಕು. ಇದನ್ನು ಜಾರಿಗೆ ತರಲು 2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆ ಸುತ್ತೋಲೆ ಹೊರಡಿಸಿತು. ಇದು ಇಂಜೆಕ್ಷನ್ ಕೊಟ್ಟು ಮುಗಿಸುವುದಲ್ಲ, ಅದಕ್ಕೆ ನಮ್ಮ ಕಾನೂನಿನಲ್ಲಿ ಅವಕಾಶವಿಲ್ಲ. ಗುಣವಾಗುವ ಆಸೆಯಿಲ್ಲದಾಗ ಯಂತ್ರ ಹಾಕದಿರುವುದು, ಹಾಕಿದ್ದರೆ ತೆಗೆಯುವುದು, ಅಷ್ಟೇ. ಹಿಂದಿನ ಸಾಲಿನಿಂದ ಒಬ್ಬರು, “ಆಸ್ತಿಗಾಗಿ ಮಕ್ಕಳು ದುರುಪಯೋಗ ಮಾಡಿದರೆ?” ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಎರಡೆರಡು ಮಂಡಳಿ ಇರುವುದು ಅದಕ್ಕೇ. ಆದರೆ ನಾನು ಕಂಡ ಮಟ್ಟಿಗೆ ಮಕ್ಕಳು ತಪ್ಪು ಮಾಡುವುದು ಹೆಚ್ಚಾಗಿ ಇನ್ನೊಂದು ದಿಕ್ಕಿನಲ್ಲಿ: ಊರು ಏನೆಂದೀತು ಎಂದು ಹೊಲ ಮಾರಿ ವೆಂಟಿಲೇಟರಿನಲ್ಲಿ ಇಡುತ್ತಾರೆ.

ನಾನು ನನ್ನದನ್ನು ಬರೆದಿದ್ದೇನೆ. ಕನ್ನಡದಲ್ಲಿ, ಎರಡು ಪುಟ. ಬರೆಯುವುದು ಸುಲಭವಾಯಿತು. ಆರು ತಿಂಗಳ ಹಿಂದೆ ಬೆಂಗಳೂರಿನಿಂದ ಬಂದಿದ್ದ ಮಗಳ ಎದುರು ಊಟವಾದ ಮೇಲೆ ಇಟ್ಟೆ. ಮೊದಲ ಸಾಲು ಓದಿ, “ಅಪ್ಪಾ, ಹಬ್ಬದ ದಿನ ಇದೆಂಥ ಕೆಲಸ?” ಎಂದು ಮಡಚಿ ಪರ್ಸಿನಲ್ಲಿ ಹಾಕಿಕೊಂಡು ಹೋದಳು. ಆಮೇಲೆ ದಿನವೂ ಫೋನು ಮಾಡಿದಳು. ಬಿಪಿ ಕೇಳಿದಳು, ವಾಕಿಂಗ್ ಕೇಳಿದಳು, ಅದರ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅಪ್ಪನ ಮಗನಲ್ಲವೇ, ಮೂರು ವಾರವೇನು, ಆರು ತಿಂಗಳು ಸುಮ್ಮನಿರಬಲ್ಲೆ.

ಮೊನ್ನೆ ಭಾನುವಾರ ಫೋನು ಬಂತು. ಆಚೆ ಕಾಗದ ಸರಸರ ಎನ್ನುವ ಸದ್ದು. “ಅಪ್ಪಾ, ಎರಡನೆಯ ಪುಟದಲ್ಲಿ ‘ನಾನು ಯಾರನ್ನೂ ಗುರುತಿಸದ ಸ್ಥಿತಿ’ ಎಂದು ಬರೆದಿದ್ದೀಯಲ್ಲ. ನೀನು ನನ್ನನ್ನು ಗುರುತಿಸದಿದ್ದರೂ ನಾನು ನಿನ್ನನ್ನು ಗುರುತಿಸುತ್ತೇನಲ್ಲ. ಅದಕ್ಕೇನು ಮಾಡುತ್ತೀ?”

ನಾನು ಉತ್ತರ ಹೇಳಲಿಲ್ಲ. ಬರುವ ಶನಿವಾರ ಬರುತ್ತೇನೆ, ಕೂತು ಆ ಸಾಲನ್ನು ತಿದ್ದೋಣ ಎಂದಿದ್ದಾಳೆ.